ರಸ್ತೆಯ ಹೊಗೆಗೆ ಹಸಿರು ಬೇಲಿ

ಬೆಳಿಗ್ಗೆ ಒರೆಸಿದ ಕಿಟಕಿಯ ಕಂಬಿಯ ಮೇಲೆ ಸಂಜೆ ಬೆರಳಾಡಿಸಿ ನೋಡಿದ್ದೀರಾ? ರಸ್ತೆ ಪಕ್ಕದ ಮನೆಯಾದರೆ ಬೆರಳಿಗೆ ಕಪ್ಪು ಮಸಿ ಹತ್ತುವುದು ಖಂಡಿತ. ಒಗೆದು ಹರವಿದ ಬಿಳಿ ಪಂಚೆಗೂ ಅದೇ ಗತಿ. ಪಂಚೆಯನ್ನೇನೋ ಮತ್ತೊಮ್ಮೆ ಒಗೆಯಬಹುದು. ಅದೇ ಮಸಿ ಮಕ್ಕಳ ಎದೆಗೂಡಿಗೆ ಇಳಿದರೆ ಅದನ್ನು ಒಗೆಯುವವರು ಯಾರು?

ಇದು ದೊಡ್ಡ ಊರಿನವರ ಗೋಳು ಅಂತ ಪುಟ ಮಗುಚಬೇಡಿ ಸೋದರಿಯರೇ. ನಿಮ್ಮೂರಿನ ಬಸ್ ಸ್ಟ್ಯಾಂಡ್ ರಸ್ತೆಯನ್ನೇ ನೆನೆಸಿಕೊಳ್ಳಿ. ಹತ್ತು ವರ್ಷದ ಹಿಂದೆ ಅಲ್ಲಿ ಎಷ್ಟು ಸ್ಕೂಟರು, ಆಟೋ, ಲಾರಿ ಓಡಾಡುತ್ತಿದ್ದವು? ಈಗ ಎಷ್ಟು?

ನಾನಿರುವುದು ಬೆಂಗಳೂರಿನ ಪೂರ್ವಕ್ಕೆ, ಬೈಯಪ್ಪನಹಳ್ಳಿಯಲ್ಲಿ. ಹೆಸರಿನಲ್ಲಿ ಮಾತ್ರ ಹಳ್ಳಿ. ಹಲಸೂರಿನಿಂದ ಕೆ.ಆರ್. ಪುರದ ಕಡೆ ಹೋಗುವ ಹಳೇ ಮದ್ರಾಸ್ ರಸ್ತೆಯಲ್ಲಿ ವಾಹನಗಳಿಗೆ ಬಿಡುವೇ ಇಲ್ಲ. 2011ರ ಅಕ್ಟೋಬರಿನಲ್ಲಿ 'ನಮ್ಮ ಮೆಟ್ರೋ'ದ ಮೊದಲ ರೈಲು ಓಡಿದ್ದು ಬೈಯಪ್ಪನಹಳ್ಳಿಗೂ ಎಂ.ಜಿ. ರಸ್ತೆಗೂ ನಡುವೆ. 2022ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾದ ಮೇಲೆ ರೈಲು ಹಿಡಿಯುವವರ ಆಟೋ, ಕಾರುಗಳೂ ಸೇರಿಕೊಂಡವು. ಮೆಟ್ರೋ ಬಂದದ್ದು ಒಳ್ಳೆಯದೇ ಆಯಿತು. ಆದರೆ ರಸ್ತೆಯ ಹೊಗೆ ಮಾತ್ರ ನಿಂತಿಲ್ಲ. ನಮ್ಮ ಕೈಯಲ್ಲಿ ಆಗುವಂಥದ್ದು ಏನಾದರೂ ಇದೆಯೇ? ಇದೆ.

ಮರದ ನೆರಳಿನ ಲೆಕ್ಕ

ಬೆಂಗಳೂರಿನ ಹತ್ತು ರಸ್ತೆಗಳಲ್ಲಿ ಹರಿಣಿ ನಾಗೇಂದ್ರ ಅವರೂ ಅವರ ಜೊತೆಗಾರರೂ ಮರವಿರುವ ಭಾಗ, ಮರವಿಲ್ಲದ ಭಾಗ ಎರಡನ್ನೂ ಅಳೆದು ನೋಡಿ 2013ರಲ್ಲಿ ಪ್ರಕಟಿಸಿದರು. ಮರದ ಕೆಳಗೆ ಗಾಳಿಯ ಬಿಸಿ 5.6 ಡಿಗ್ರಿಯವರೆಗೂ ಕಡಿಮೆ ಇತ್ತು. ಟಾರಿನ ಬಿಸಿ 27.5 ಡಿಗ್ರಿಯವರೆಗೂ ಕಡಿಮೆ! ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡ್ ಅನಿಲ ಶೇಕಡಾ 65ರವರೆಗೂ ಇಳಿದಿತ್ತು. ಮರವಿಲ್ಲದ ಕಡೆ ತೇಲುವ ಧೂಳು ವಿಪರೀತವಾಗಿದ್ದರೆ, ಮರವಿದ್ದ ರಸ್ತೆಗಳಲ್ಲಿ ಅರ್ಧದಷ್ಟು ಕಡೆ ಅದು ಸರ್ಕಾರದ ಮಿತಿಯೊಳಗೇ ಇತ್ತು.

ರಸ್ತೆ ಅಗಲ ಮಾಡುತ್ತೇವೆ ಅಂತ ಕೊಡಲಿ ಹಿಡಿದು ಬಂದವರಿಗೆ ಈ ಲೆಕ್ಕವನ್ನು ಹೇಳಬೇಕು. ಮರ ಕಡಿಯಲು ಅನುಮತಿ ಬೇಕೆಂದು 1976ರಿಂದ ನಮ್ಮ ರಾಜ್ಯದಲ್ಲಿ ಕಾನೂನೇ ಇದೆ.

ಎಲ್ಲೆಲ್ಲೂ ಮರ ಸರಿಯೇ?

ಇಲ್ಲೊಂದು ಸೂಕ್ಷ್ಮವಿದೆ. ಎರಡೂ ಕಡೆ ಎತ್ತರದ ಕಟ್ಟಡಗಳಿರುವ ಇಕ್ಕಟ್ಟು ರಸ್ತೆಯಲ್ಲಿ ಮರಗಳ ಕೊಂಬೆಗಳು ಒಂದಕ್ಕೊಂದು ಕೂಡಿಕೊಂಡರೆ ಅದು ಪಾತ್ರೆಯ ಮೇಲೆ ಮುಚ್ಚಳ ಹಾಕಿದ ಹಾಗೆ. ಹೊಗೆ ಮೇಲೆ ಹೋಗಲಾರದೆ ಕೆಳಗೇ ಸುತ್ತುತ್ತದೆ. ಅಂಥ ಕಡೆ ತಗ್ಗಿನ ದಟ್ಟ ಬೇಲಿಯೇ ವಾಸಿ ಅನ್ನುತ್ತಾರೆ, ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನೇ ಅಭ್ಯಾಸ ಮಾಡುತ್ತಿರುವ ಪ್ರಶಾಂತ್ ಕುಮಾರ್. ಈಗಿರುವ ಮರ ಕಡಿಯಿರಿ ಎಂದು ಇದರ ಅರ್ಥವಲ್ಲ. ಹೊಸದಾಗಿ ನೆಡುವಾಗ ಜಾಗ ನೋಡಿ ನೆಡಬೇಕು, ಅಷ್ಟೇ.

ಬೇಲಿ ಮಾಡುವ ಕೆಲಸವಾದರೂ ಏನು? ನುಗ್ಗಿ ಬರುವ ಹೊಗೆಗಾಳಿಯನ್ನು ಮೇಲಕ್ಕೆ ತಳ್ಳಿ ಶುದ್ಧ ಗಾಳಿಯೊಡನೆ ಬೆರೆಸಿ ತೆಳ್ಳಗೆ ಮಾಡುತ್ತದೆ. ಧೂಳು, ಮಸಿಯನ್ನು ಎಲೆಯ ಮೇಲೆ ಹಿಡಿದುಕೊಳ್ಳುತ್ತದೆ. ಮಳೆ ಬಂದಾಗ ಅದು ತೊಳೆದು ಮಣ್ಣಿಗೆ ಇಳಿಯುತ್ತದೆ. ಆದರೆ ಬೇಲಿ ನೆಲದಿಂದ ತುದಿಯವರೆಗೂ ಒತ್ತಾಗಿರಬೇಕು. 2016ರಲ್ಲಿ ಅಮೆರಿಕದ ಪರಿಸರ ಇಲಾಖೆ ಕೊಟ್ಟ ಸಲಹೆಯೂ ಇದೇ. ನಡುವೆ ಸಂದಿ ಬಿಟ್ಟ ಬೇಲಿ ಹರಿದ ಸೊಳ್ಳೆಪರದೆಯಿದ್ದಂತೆ. ಇದ್ದೂ ಇಲ್ಲದ ಹಾಗೆ!

ಮ್ಯಾಂಚೆಸ್ಟರಿನ ಕೆಲವು ಪ್ರಾಥಮಿಕ ಶಾಲೆಗಳ ಆಟದ ಬಯಲಿಗೂ ರಸ್ತೆಗೂ ನಡುವೆ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇಂಥ ಹಸಿರು ತಡೆ ಬೆಳೆಸಿ ನೋಡಿದರು. ಚೆನ್ನಾಗಿ ಕೆಲಸ ಮಾಡಿದ ಕಡೆ ಮಸಿ ಸುಮಾರು ಅರ್ಧಕ್ಕೆ ಇಳಿಯಿತು. ನಮಗೆ ಇದು ಯಾಕೆ ಮುಖ್ಯ ಅಂತೀರಾ? ಸ್ಕೂಟರಿನ, ಕಾರಿನ ಹೊಗೆಕೊಳವೆ ಇರುವ ಎತ್ತರ ನೋಡಿ. ನಮ್ಮ ಮುಖ ಅದಕ್ಕಿಂತ ಎಷ್ಟೋ ಮೇಲೆ. ಶಾಲಾ ವ್ಯಾನಿಗೆ ಕಾಯುತ್ತಾ ನಿಂತ ಪುಟ್ಟ ಮಗುವಿನ ಮುಖ ಅದಕ್ಕೆ ತೀರಾ ಹತ್ತಿರ.

ಬೇಲಿ ಹಾಕುವುದು ಹೇಗೆ?

ಖರ್ಚಿನ ಬಾಬತ್ತೇನೂ ಅಲ್ಲ. ದಾಸವಾಳ, ಆಡುಸೋಗೆ ಎರಡೂ ಕಡ್ಡಿ ನೆಟ್ಟರೆ ಬರುತ್ತವೆ. ಆಡುಸೋಗೆಯನ್ನು ಆಡು ಮುಟ್ಟುವುದಿಲ್ಲ, ರಸ್ತೆ ಬದಿಗೆ ಹೇಳಿ ಮಾಡಿಸಿದ ಗಿಡ. ಗೋರಂಟಿಯೂ ಆದೀತು. ಒರಟಾದ, ನವಿರು ಕೂದಲಿರುವ ಎಲೆಗಳು ನುಣುಪು ಎಲೆಗಳಿಗಿಂತ ಹೆಚ್ಚು ಧೂಳು ಹಿಡಿಯುತ್ತವೆ ಎಂಬುದು ನೆನಪಿರಲಿ.

1. ಕಾಂಪೌಂಡಿನ ಒಳಗೆ ಒಂದೂವರೆ ಅಡಿಗೊಂದರಂತೆ ಎರಡು ಸಾಲು ನೆಡಿ. ಮೊದಲ ಸಾಲಿನ ಎರಡು ಗಿಡಗಳ ನಡುವಿನ ಸಂದಿಗೆ ಎರಡನೇ ಸಾಲಿನ ಗಿಡ ಬರಲಿ. ಗೋಡೆ, ಗಿಡ ಎರಡೂ ಸೇರಿದರೆ ಇನ್ನೂ ಒಳ್ಳೆಯದು.

2. ಬುಡದ ಕೊಂಬೆ ಸವರಬೇಡಿ. ತುದಿಯನ್ನು ಚಿವುಟುತ್ತಿರಿ. ಮೇಲೆ ಕಿರಿದಾಗಿ ಬುಡ ಅಗಲವಾಗಿದ್ದರೆ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ, ಬುಡ ಬೋಳಾಗುವುದಿಲ್ಲ.

3. ಬೇಲಿ ಆಳೆತ್ತರ ಮೀರಲಿ. ಗೇಟಿನ ಪಕ್ಕ, ರಸ್ತೆ ತಿರುವಿನಲ್ಲಿ ಮಾತ್ರ ಸೊಂಟದಿಂದ ಕೆಳಗಿರಲಿ. ಬರುವ ಗಾಡಿ ಕಾಣಬೇಕಲ್ಲ!

4. ಅಂಗಳವಿಲ್ಲದವರು ವರಾಂಡದ ಕಂಬಿಗೆ ಜಾಲರಿ ಕಟ್ಟಿ ರಂಗೂನ್ ಮಲ್ಲಿಗೆ ಹಬ್ಬಿಸಬಹುದು.

5. ಜನವರಿಯಿಂದ ಮಳೆ ಬರುವವರೆಗೆ ವಾರಕ್ಕೊಮ್ಮೆ ಎಲೆಗಳ ಮೇಲೆ ನೀರು ಚಿಮುಕಿಸಿ. ತರಕಾರಿ ತೊಳೆದ ನೀರು ಸಾಕು.

ಎಚ್ಚರಿಕೆಯ ಮಾತು

ಹೆದ್ದಾರಿಯ ನಡುವೆ ಕಣಗಿಲೆ ಚೆಂದಾಗಿ ಹೂಬಿಟ್ಟಿರುತ್ತದೆ. ಅದನ್ನು ಮನೆಗೆ, ಶಾಲೆಗೆ ತರಬೇಡಿ. ಎಲೆ, ಹೂವು, ಕಡ್ಡಿ, ಎಲ್ಲವೂ ವಿಷ. ಕರಿಬೇವು, ನುಗ್ಗೆ, ದೊಡ್ಡಪತ್ರೆ, ಸೊಪ್ಪಿನ ಮಡಿ ಹಿತ್ತಲಿಗಿರಲಿ. ಬೇಲಿ ಹಿಡಿದ ಮಸಿ ಸಾರಿಗೆ ಬೀಳಬಾರದು. ವಾಹನ ಹೆಚ್ಚಿರುವ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ರಸ್ತೆ ಕಡೆಯ ಕಿಟಕಿ ಮುಚ್ಚಿ, ಹಿತ್ತಲ ಕಡೆಯದು ತೆರೆಯಿರಿ. ಉದುರಿದ ಎಲೆಗೆ ಬೆಂಕಿ ಹಚ್ಚಿದರೆ ಬೇಲಿ ತಡೆದಷ್ಟೂ ಹೊಗೆ ನಾವೇ ಎಬ್ಬಿಸಿದಂತೆ. ಗುಂಡಿಗೆ ಹಾಕಿ ಗೊಬ್ಬರ ಮಾಡಿ.

ಬೇಲಿ ಹಾಕಿದ ಮಾತ್ರಕ್ಕೆ ಹೊಗೆ ಮಾಯವಾಗುವುದಿಲ್ಲ. ಅನಿಲಗಳು ಧೂಳಿನಂತೆ ಎಲೆಗೆ ಅಂಟಿ ಕೂರುವುದಿಲ್ಲ. ನಡೆದು ಹೋಗುವಷ್ಟು ದೂರಕ್ಕೆ ಮನೆಯವರು ಸ್ಕೂಟರ್ ತೆಗೆದರೆ ಬೇಡ ಅನ್ನಿ. ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸಲು ಹೇಳಿ.

ಮನೆಯ ಬೇಲಿಯಾದ ಮೇಲೆ ಶಾಲೆಯ ಕಡೆ ನೋಡಿ. ನಿಮ್ಮ ಮಹಿಳಾ ಮಂಡಳಿಯ ನಾಲ್ಕು ಜನ ಸೇರಿ ಹೆಡ್‌ಮಾಸ್ಟರನ್ನು ಕಾಣಿರಿ. ರಸ್ತೆಗೆ ತಾಗಿದ ಕಾಂಪೌಂಡಿನ ಉದ್ದಕ್ಕೂ ಬೇಲಿ, ಅದರ ಒಳಗೆ ಮಕ್ಕಳು ವ್ಯಾನಿಗೆ ಕಾಯುವ ಜಾಗ, ಇಷ್ಟು ಕೇಳಿ. ಬಯಲಾದ ಜಾಗವಿದ್ದರೆ ಹೊಂಗೆ, ಬೇವಿನ ಸಸಿ ನೆಡಿಸಿ. ಮಳೆಗಾಲಕ್ಕೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ರಿಯಾಯಿತಿ ದರಕ್ಕೆ ಸಸಿ ಸಿಗುತ್ತವೆ. ರಸ್ತೆಯ ಅಂಚಿನಲ್ಲೇ ನೆಡುವುದಾದರೆ ಪಂಚಾಯಿತಿಯನ್ನೋ ಪುರಸಭೆಯನ್ನೋ ಮೊದಲು ಕೇಳಿಕೊಳ್ಳಿ. ಈ ಮುಂಗಾರಿಗೆ ಊರಿದ ಕಡ್ಡಿ ಬೇಲಿಯಾಗಲು ಎರಡು ಮೂರು ಮಳೆಗಾಲ ಬೇಕು. ಆದ್ದರಿಂದ ಮುಂದಿನ ವರ್ಷಕ್ಕೆ ತಳ್ಳಬೇಡಿ.