ಐಡಿಯಾ ಕದಿಯಾಕ ಯಾರೂ ಬರೂದಿಲ್ಲ

ನಾಲತವಾಡದಲ್ಲಾಗಲಿ ಮುದ್ದೇಬಿಹಾಳದಲ್ಲಾಗಲಿ, ಹೊಸ ಉದ್ಯೋಗ ಸುರು ಮಾಡಬೇಕೆಂದು ಓಡಾಡುವ ಹುಡುಗನನ್ನು ಚಾದಂಗಡಿಯಲ್ಲಿ ಕೂರಿಸಿಕೊಂಡು ‘ಏನಪಾ, ಏನ್ ವಿಚಾರ ನಡಸೀದಿ?’ ಎಂದು ಕೇಳಿ ನೋಡಿ. ಆಚೀಚೆ ಕಣ್ಣು ಹಾಯಿಸಿ ದನಿ ಇಳಿಸುತ್ತಾನೆ. ‘ಒಂದ್ ಭಾರಿ ಐಡಿಯಾ ಐತ್ರಿ ಕಾಕಾ. ಆದ್ರ ಈಗ ಹೇಳಂಗಿಲ್ರಿ. ಯಾರರೆ ಕದ್ರ?’ ಎನ್ನುತ್ತಾನೆ. ಮನೆಯಲ್ಲಿ ಹೇಳಿಲ್ಲ, ಗೆಳೆಯರಿಗೆ ಹೇಳಿಲ್ಲ, ನಾಳೆ ಆ ಮಾಲು ಕೊಳ್ಳಬೇಕಾದವನಿಗಂತೂ ಹೇಳಿಯೇ ಇಲ್ಲ. ಬರದ ಕಳ್ಳನ ಹಾದಿ ಕಾಯುತ್ತಲೇ ವರ್ಷ ಕಳೆಯುತ್ತದೆ.

ತಮಾಷೆಯೆಂದರೆ, ಒತ್ತಾಯ ಮಾಡಿ ಬಾಯಿ ಬಿಡಿಸಿದರೆ ಬಹುತೇಕರ ಗುಟ್ಟು ಒಂದೇ. ರಾಶಿಯಾದ ಮೇಲೆ ಹೊಲದಲ್ಲಿ ಬಿದ್ದಿರುವ ತೊಗರಿ ಕಟಿಗಿಯನ್ನು ಪುಡಿ ಮಾಡಿ, ಯಂತ್ರದಲ್ಲಿ ಒತ್ತಿ, ಬ್ರಿಕೆಟ್ ಮಾಡಿ, ಇಟ್ಟಂಗಿ ಭಟ್ಟಿಗೂ ಕಾರ್ಖಾನೆಯ ಬಾಯ್ಲರಿಗೂ ಮಾರುವುದು. ಪರಿಸರಕ್ಕೂ ಒಳ್ಳೆಯದು, ಕಿಸೆಗೂ ಒಳ್ಳೆಯದು. ವಿಚಾರ ಕೆಟ್ಟದ್ದೇನಲ್ಲ. ಆದರೆ ದೇಶದಲ್ಲಿ ಇಂಥ ಯಂತ್ರಗಳನ್ನು ಎಷ್ಟೋ ವರ್ಷಗಳಿಂದ ಮಾರುತ್ತಿದ್ದಾರೆ. ಯಂತ್ರ ಮಾರುವವನ ಜಾಹೀರಾತು ನೋಡಿಯೇ ಹುಟ್ಟಿದ ವಿಚಾರವನ್ನು ಇವರು ಯಾರಿಂದ ಮುಚ್ಚಿಡುತ್ತಿದ್ದಾರೋ!

ಕಾನೂನಿನ ಮಾತು ಹೇಳುವುದಾದರೆ, ಬರೀ ಐಡಿಯಾ ಯಾರ ಆಸ್ತಿಯೂ ಅಲ್ಲ. ವಿಚಾರಕ್ಕೆ ಕೃತಿಸ್ವಾಮ್ಯ ಇಲ್ಲ, ಅದನ್ನು ಹೇಳಿದ ರೂಪಕ್ಕೆ ಮಾತ್ರ ಇದೆ ಎಂದು ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. 1970ರ ಪೇಟೆಂಟ್ ಕಾಯ್ದೆಯ 3ನೇ ಕಲಮಿನ ಪ್ರಕಾರ ಬೇಸಾಯದ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ, ವ್ಯಾಪಾರದ ವಿಧಾನಕ್ಕೂ ಸಿಗುವುದಿಲ್ಲ. ಹಾಗಾದರೆ ‘ತೊಗರಿ ಬಿತ್ತೂ ಹೊಸಾ ಪದ್ಧತಿ’ಯನ್ನೂ ‘ರೊಟ್ಟಿ ಮನಿಮನಿಗೆ ಮುಟ್ಟಸೂ ಹೊಸಾ ಯೋಜನಾ’ವನ್ನೂ ಎದೆಗೆ ಅವುಚಿಕೊಂಡು ಕೂತು ಫಲವೇನು? ಕದಿಯುವುದಕ್ಕೆ ಅಲ್ಲಿ ಒಡವೆಯೇ ಇಲ್ಲ.

‘ಕಾನೂನು ಬಿಡ್ರಿ, ನೋಡಿ ನಕಲು ಮಾಡ್ತಾರಲ್ಲ’ ಎನ್ನುತ್ತಾರೆ. ಮಾಡುತ್ತಾರೆ. ಮಾಡಲಿ. ನಮ್ಮ ವಿಜಯಪುರ ಜಿಲ್ಲೆಯಲ್ಲೇ ಒಣದ್ರಾಕ್ಷಿ ನೋಡಿ. ತಿಕೋಟಾ, ಬಬಲೇಶ್ವರದ ಕಡೆ ಶೆಡ್ಡುಗಳ ಸಾಲೇ ಇದೆ. ಗೊನೆಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಬಲೆಯ ಮೇಲೆ ಹರಡಿ ಒಣಗಿಸುವುದು ಅಲ್ಲಿ ಕೂಲಿಗೆ ಬರುವ ಹುಡುಗನಿಗೂ ಗೊತ್ತು. ಗುಟ್ಟೆಂಬುದು ಎಳ್ಳಷ್ಟೂ ಇಲ್ಲ. ಆದರೂ ಒಬ್ಬ ಗಳಿಸುತ್ತಾನೆ, ಬದಿಯವನು ಸಾಲ ತೀರಿಸಲು ಹೆಣಗುತ್ತಾನೆ. ಒಣಗುವ ದಿನಗಳಲ್ಲಿ ಮೋಡ ಕವಿದರೆ ಯಾರು ಎಚ್ಚರವಿದ್ದರು, ಯಾರ ಮಾಲು ಹಸಿರು ಬಣ್ಣ ಉಳಿಸಿಕೊಂಡಿತು, ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯುವ ಶಕ್ತಿ ಯಾರಿಗಿತ್ತು, ತಾಸಗಾಂವದ ಲಿಲಾವಿಗೆ ಯಾರು ಯಾವಾಗ ಒಯ್ದರು – ಲಾಭ ನಿಂತಿರುವುದು ಇವುಗಳ ಮೇಲೆ. ಇದನ್ನೆಲ್ಲ ಕದಿಯಲು ಬಂದವನು ಆ ಕಷ್ಟವನ್ನೂ ಕದಿಯಬೇಕಾಗುತ್ತದೆ.

ಮುಚ್ಚಿಟ್ಟ ಐಡಿಯಾದ ನಿಜವಾದ ಅಪಾಯ ಬೇರೆ. ಅದರ ತಪ್ಪನ್ನು ತೋರಿಸಿಕೊಡುವವರೇ ಇರುವುದಿಲ್ಲ.

ಜನರನ್ನು ಕೇಳದೆ ಹೊರಟರೆ ವಿಜ್ಞಾನಿಗಳೂ ಎಡವುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ 1974ರಲ್ಲಿ ‘ಅಸ್ತ್ರ’ ಎಂಬ ಗುಂಪು ಕಟ್ಟಿದರು. ಹಳ್ಳಿಗೆ ಒಗ್ಗುವ ತಂತ್ರಜ್ಞಾನ ಹುಡುಕುವುದೇ ಕೆಲಸ. ಮುಂದೆ ಹೆಸರಾದ ಅಸ್ತ್ರ ಒಲೆ ಇವರದೇ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಯ ಅಡುಗೆಗೆ ಅನಿಲ ಕೊಡುವುದು ಇವರ ಮೊದಲ ಯೋಜನೆ. ವಿಜ್ಞಾನಿಗಳೇ ಹಾಕಿದ ಲೆಕ್ಕ. ಆದರೂ ಅಡುಗೆಗೆಲ್ಲ ಸಾಲುವಷ್ಟು ಸಗಣಿ ಊರಲ್ಲಿ ಸಿಗಲಿಲ್ಲ, ಯೋಜನೆ ಬಿತ್ತು. ಬಿದ್ದ ಮೇಲೆ ಊರವರನ್ನು ಕೂರಿಸಿ ನಿಮಗೇನು ಬೇಕು ಎಂದು ಕೇಳಿದರೆ ಬಂದ ಉತ್ತರ ಕುಡಿಯುವ ನೀರು. 1987ರಲ್ಲಿ ಅದೇ ಅನಿಲವನ್ನು ಡೀಸೆಲ್ ಜೊತೆ ಎಂಜಿನ್ನಿಗೆ ಕೊಟ್ಟು, ವಿದ್ಯುತ್ ತೆಗೆದು, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಕೆಜಿಗೆ ಎರಡು ಪೈಸೆ, ಮೇಲೆ ಗೊಬ್ಬರವೂ ವಾಪಸ್. ಆಗ ನಡೆಯಿತು. ಸ್ಥಾವರ ಅದೇ, ಸಗಣಿಯೂ ಅದೇ. ಮೊದಲೇ ಕೇಳಿದ್ದರೆ ಮೊದಲೇ ನಡೆಯುತ್ತಿತ್ತು.

ತೊಗರಿ ಕಟಿಗಿಯ ಹುಡುಗರು ಎಡವುವುದೂ ಹೀಗೆ ಕಚ್ಚಾ ಮಾಲಿನಲ್ಲೇ. ‘ಬಿಟ್ಟಿ ಸಿಗತೈತ್ರಿ, ಹೊಲದಾಗ ಸುಡ್ತಾರ’ ಎಂದು ಹಾಳೆಯ ಮೇಲೆ ಸೊನ್ನೆ ಬರೆದುಕೊಂಡಿರುತ್ತಾರೆ. ಎಷ್ಟೋ ಮನೆಯ ಒಲೆ ಅದರಿಂದಲೇ ಉರಿಯುತ್ತದೆ, ಬೇಲಿಗೂ ಗುಡಿಸಲಿಗೂ ಅದೇ. ಕಸಕ್ಕೆ ಗಿರಾಕಿ ಬಂದನೆಂದು ಗೊತ್ತಾದ ಮರುದಿನವೇ ಹೊಲದವನು ಬೆಲೆ ಹೇಳುತ್ತಾನೆ, ಅವನದು ತಪ್ಪೂ ಅಲ್ಲ. ಇನ್ನು ಕಟಿಗಿ ಸಿಗುವುದು ರಾಶಿಯ ಹಂಗಾಮಿನಲ್ಲಿ, ಯಂತ್ರದ ಬ್ಯಾಂಕ್ ಕಂತು ಬರುವುದು ಹನ್ನೆರಡೂ ತಿಂಗಳು. ಮಳೆಗಾಲಕ್ಕೆ ಎಲ್ಲಿ ಒಟ್ಟುತ್ತೀರಿ? ತೇವ ಹತ್ತು ಹನ್ನೆರಡು ಶೇಕಡಾ ದಾಟಿದರೆ ಬ್ರಿಕೆಟ್ ಸರಿಯಾಗಿ ಕಟ್ಟುವುದಿಲ್ಲ. ಭಟ್ಟಿಯವನು ಈಗ ಏನು ಸುಡುತ್ತಾನೆ, ಎಷ್ಟಕ್ಕೆ ಕೊಳ್ಳುತ್ತಾನೆ, ಉದ್ರಿ ಎಷ್ಟು ದಿನ ಇಡುತ್ತಾನೆ? ಇದಕ್ಕೆಲ್ಲ ಉತ್ತರ ಗೊತ್ತಿರುವವರು ಹೊಲದವರು, ಭಟ್ಟಿಯವರು, ಟ್ರ್ಯಾಕ್ಟರ್ ಬಾಡಿಗೆಯವರು. ಹುಡುಗರು ಗುಟ್ಟು ಮುಚ್ಚಿಟ್ಟಿರುವುದೂ ಇವರಿಂದಲೇ. ಯಂತ್ರ ತರುವ ಮೊದಲು, ಯಂತ್ರ ಇರುವ ಕಡೆಯಿಂದ ಒಂದು ಟ್ರಾಲಿ ಬ್ರಿಕೆಟ್ ಕೊಂಡು ತಂದು, ಒಂದು ಭಟ್ಟಿಗೆ ದುಡ್ಡು ತೊಗೊಂಡೇ ಮಾರಿ ನೋಡಿ. ನಷ್ಟವಾದರೆ ಬಾಡಿಗೆಯಷ್ಟು ಹೋದೀತು, ಹೊಲ ಅಡವಿಡಬೇಕಾಗುವುದಿಲ್ಲ.

ಹೊಸ ಉದ್ಯೋಗದ ಬಗೆಗಿನ ಉಳಿದ ತಪ್ಪು ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ‘ಎಲ್ಲಾರೂ ಚಲೋ ಐತಿ ಅಂದಾರ’: ಮುಂಗಡ ಎಷ್ಟು ಮಂದಿ ಕೊಟ್ಟರು ಅಷ್ಟು ಹೇಳಿ. ‘ಮೊದಲ ಸಬ್ಸಿಡಿ ಬರಲಿ’: ಸಬ್ಸಿಡಿ ಯಂತ್ರ ಕೊಡಿಸೀತು, ಗಿರಾಕಿಯನ್ನು ಕೊಡಿಸಲಾರದು. ‘ಬಡವರು ಸೋಲಾರ್ ಅಂಥಾದ್ದೆಲ್ಲ ಕೊಳ್ಳಂಗಿಲ್ಲ’: ಈ ಮಾತನ್ನು ಸುಳ್ಳು ಮಾಡಲೆಂದೇ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಸೆಲ್ಕೊ ಎಂಬ ಸೋಲಾರ್ ಕಂಪನಿ ಕಟ್ಟಿದರು; ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ಆದರೆ ಹಗುರ ಎಂಬ ಲೆಕ್ಕವನ್ನು ಹಂದೆಯವರಿಗೆ ಕಲಿಸಿದ್ದು ಒಬ್ಬ ಬೀದಿ ವ್ಯಾಪಾರಿ. ಆ ವ್ಯಾಪಾರಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ 2011ರ ಮ್ಯಾಗ್ಸೆಸೆ ಪ್ರಶಸ್ತಿ ಬೇರೆ ಯಾರಿಗೋ ಹೋಗುತ್ತಿತ್ತು.

ನನಗೆ ಅರ್ಥವಾಗದ್ದು ಇನ್ನೊಂದಿದೆ. ಸ್ವಂತ ಅಣ್ಣನಿಗೂ ಐಡಿಯಾ ಹೇಳದ ಇದೇ ಜನ, ಕಾರಿನಿಂದಿಳಿದು ಬಣ್ಣದ ಪಾಂಪ್ಲೆಟ್ ಕೊಟ್ಟವನಿಗೆ ಲಕ್ಷಗಟ್ಟಲೆ ಎಣಿಸಿ ಕೊಡುತ್ತಾರೆ. ಎಮು ಹಕ್ಕಿ ಸಾಕಿ, ಮರಿ ನಾವೇ ಕೊಡುತ್ತೇವೆ, ತಿಂಗಳಿಗೆ ಇಷ್ಟು ಹಣ ಖಾತ್ರಿ ಎಂದು ನಂಬಿಸಿದ ತಮಿಳುನಾಡಿನ ಪೆರುಂದುರೈಯ ಸುಸಿ ಎಮು ಫಾರ್ಮ್ಸ್ 2012ರಲ್ಲಿ ಮುಳುಗಿತು, ಸಾವಿರಾರು ಜನರ ಹಣವೂ ಮುಳುಗಿತು. ಎಮು ಮಾಂಸ ತಿನ್ನುವವರು ಯಾರು, ಯಾವ ಊರಲ್ಲಿ, ಎಷ್ಟಕ್ಕೆ ಕೊಳ್ಳುತ್ತಾರೆ ಎಂದು ಹಣ ಕಟ್ಟುವ ಮೊದಲು ಕೇಳಿದವರೆಷ್ಟು ಮಂದಿ? ಅಕ್ಕಿ ಎಳೆಯುವ ತಾಮ್ರದ ಚೊಂಬಿಗೆ ಕೋಟಿ ಬೆಲೆಯಿದೆ ಎಂದು ಮೋಸ ಹೋಗುವವರ ಸುದ್ದಿ ಇಂದಿಗೂ ಪೇಪರಿನಲ್ಲಿ ಬರುತ್ತದೆ. ಕಬ್ಬಿಣದ ಪುಡಿ ಹಚ್ಚಿದ ಅಕ್ಕಿ, ಒಳಗೊಂದು ಅಯಸ್ಕಾಂತ, ಮುಗಿಯಿತು. ಅಲ್ಲಿಯೂ ಮೋಸಗಾರ ಮೊದಲು ಹೇಳುವ ಮಾತು ‘ಯಾರಿಗೂ ಹೇಳಬ್ಯಾಡ್ರಿ’. ಪರೀಕ್ಷೆಗೆ ಹೆದರುವವನಿಗೆ ಗುಟ್ಟು ಬೇಕು. ದುಡಿದು ತಿನ್ನಬೇಕೆಂದಿರುವ ನಮ್ಮ ಹುಡುಗರಿಗೆ ಅದು ಯಾಕೆ?

ಗುಟ್ಟು ನಿಜಕ್ಕೂ ಬೇಕಾಗುವ ಸಂದರ್ಭ ಒಂದುಂಟು. ನೀವು ಹೊಸ ಯಂತ್ರವನ್ನೋ ಹೊಸ ರಾಸಾಯನಿಕ ಕ್ರಿಯೆಯನ್ನೋ ಸ್ವತಃ ಕಂಡುಹಿಡಿದಿದ್ದರೆ, ಅರ್ಜಿ ಹಾಕುವ ಮೊದಲು ಅದನ್ನು ಬಹಿರಂಗ ಮಾಡಬೇಡಿ, ಪೇಟೆಂಟಿಗೆ ಕುತ್ತು ಬರುತ್ತದೆ. ಅದಕ್ಕೂ ಹಾದಿಯಿದೆ. ಕರ್ನಾಟಕದವರಿಗೆ ಚೆನ್ನೈನ ಪೇಟೆಂಟ್ ಕಚೇರಿ. ತಾತ್ಕಾಲಿಕ ಅರ್ಜಿಗೆ ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಕಟ್ಟಬೇಕಾದ ಶುಲ್ಕ 1,600 ರೂಪಾಯಿ, ಪೂರ್ಣ ವಿವರ ಸಲ್ಲಿಸಲು 12 ತಿಂಗಳ ಅವಕಾಶ. ಅರ್ಜಿ ಹಾಕಿ, ಆ 12 ತಿಂಗಳು ಊರೆಲ್ಲ ತಿರುಗಿ ತೋರಿಸಿ. ಕಟಿಗಿ, ರೊಟ್ಟಿ, ಒಣದ್ರಾಕ್ಷಿಯವರಿಗೆ ಆ ಅರ್ಜಿಯೂ ಬೇಕಿಲ್ಲ. ನಾಳೆ ಮುಂಜಾನೆಯೇ ಭಟ್ಟಿಗೆ ಹೋಗಿ ರೇಟು ಕೇಳಿ ಬರ್ರಿ.