ಮಗುವಿಗೆ ಓದಲು ಬರುತ್ತದೆಯೇ? ನೀವೇ ನೋಡಿ



ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ಅವರ ಮಗ ಮೂರನೇ ತರಗತಿ. ಅವನ ನೋಟ್‌ಬುಕ್ ತುಂಬ ದುಂಡಗಿನ ಅಕ್ಷರ. ಪುಟ ಪುಟಕ್ಕೂ ಕೆಂಪು ಶಾಯಿಯ ಸರಿ ಗುರುತು. "ನನ್ನ ಮಗ ಚೆನ್ನಾಗಿ ಓದ್ತಾನೆ" ಎಂದು ಅಕ್ಕ ಹಿಗ್ಗುತ್ತಿದ್ದರು.

ಆಮೇಲೆ ಅಕ್ಕ ತಾವೂ ಓದಲು ಕಲಿತರು. ಒಂದು ರಾತ್ರಿ ಮಗನ ಪುಸ್ತಕ ತೆಗೆದು "ಓದಪ್ಪ" ಅಂದರು. ಹುಡುಗ ಗಳಗಳನೆ ಪಾಠ ಹೇಳಿದ. ಆದರೆ ಅವನ ಕಣ್ಣು ಪುಸ್ತಕದ ಮೇಲೆ ಇರಲಿಲ್ಲ. ಅಕ್ಕ ನಡುವಿನ ಒಂದು ಪದದ ಮೇಲೆ ಬೆರಳಿಟ್ಟರು. "ಇದೇನು ಹೇಳು?" ಅಂದರು. ಆ ಪದ 'ಕೊಡೆ'. ಹುಡುಗ ತಲೆ ತಗ್ಗಿಸಿ ನಿಂತ.

ಮರುದಿನ ಅಕ್ಕ ನನ್ನ ಹತ್ತಿರ ಬಂದು ಅತ್ತರು. "ಟೀಚರ್, ಅವನಿಗೆ ಓದೋಕೇ ಬರಲ್ಲ." ನನಗೆ ನಾಚಿಕೆಯಾಯಿತು. ಆ ಹುಡುಗ ನನ್ನ ತರಗತಿಯವನೇ. ಕೆಂಪು ಗುರುತು ಹಾಕಿದವಳು ನಾನೇ.

ನೋಡಿ ಬರೆಯುವುದು ಬೇರೆ, ಓದುವುದು ಬೇರೆ. ರಂಗೋಲಿ ನೋಡಿ ರಂಗೋಲಿ ಹಾಕುತ್ತೇವಲ್ಲ, ಹಾಗೆ ಮಗು ಅಕ್ಷರ ನೋಡಿ ಅಕ್ಷರ ಬರೆಯುತ್ತದೆ. ಪಾಠ ಕೇಳಿ ಕೇಳಿ ಬಾಯಿಪಾಠ ಮಾಡುತ್ತದೆ. ಮುಂದಿನ ತರಗತಿಗೆ ಹೋಗುತ್ತದೆ. ಆದರೆ ಓದು ಹಿಂದೆಯೇ ಉಳಿಯುತ್ತದೆ.

ಮನೆಯಲ್ಲಿ ನೋಡುವುದು ಹೇಗೆ?

'ಅಸರ್' ಎಂಬ ಸಮೀಕ್ಷೆ 2005ರಲ್ಲಿ ಶುರುವಾಯಿತು. ಸಮೀಕ್ಷೆಯವರು ಹಳ್ಳಿಯ ಮನೆಗಳಿಗೆ ಹೋಗುತ್ತಾರೆ. ಒಂದೊಂದೇ ಮಗುವನ್ನು ಕೂರಿಸಿಕೊಂಡು ಓದಿಸುತ್ತಾರೆ. ಅಕ್ಷರ, ಪದ, ನಾಲ್ಕು ಸಾಲು, ಸಣ್ಣ ಕತೆ. ನಾವೂ ಹೀಗೇ ನೋಡಬಹುದು.

ಒಂದನೇ ತರಗತಿ ಮುಗಿಯುವಾಗ ಮಗು 'ಮರ', 'ಸರ' ಇಂಥ ಸುಲಭ ಪದ ಓದಬೇಕು. ಎರಡನೇ ತರಗತಿ ಮುಗಿಯುವಾಗ ಕಾಗುಣಿತ ಬರಬೇಕು. 'ಕೋಳಿ', 'ಗೂಡು' ಓದಬೇಕು. 'ಅಮ್ಮ', 'ಹಳ್ಳಿ' ಇಂಥ ಒತ್ತಕ್ಷರವೂ ತಿಳಿಯಬೇಕು. ಮೂರನೇ ತರಗತಿಯಲ್ಲಿ ಸಣ್ಣ ಕತೆ ಓದಿ, ಏನಾಯಿತು ಎಂದು ತನ್ನ ಮಾತಿನಲ್ಲಿ ಹೇಳಬೇಕು.

ಓದಿಸುವಾಗ ಚಿತ್ರವನ್ನು ಕೈಯಿಂದ ಮುಚ್ಚಿ. ಪಾಠದ ನಡುವಿನಿಂದ ಕೇಳಿ. ಮಗು ನೋಡಿರದ ಕಾಗದ ಕೊಟ್ಟರೆ ಇನ್ನೂ ಒಳ್ಳೆಯದು. ಬಸ್ಸಿನ ಬೋರ್ಡು, ಮದುವೆ ಕಾಗದ, ಈ ಪುಸ್ತಕವೂ ಆದೀತು.

ಲೆಕ್ಕವನ್ನೂ ನೋಡಿ. ಚಿಕ್ಕ ಮಗುವಿಗೆ "ಹನ್ನೆರಡು ಅವರೆಕಾಳು ಎಣಿಸಿ ಕೊಡು" ಅನ್ನಿ. ಎರಡನೇ ತರಗತಿಯ ಮಗುವಿಗೆ 47 ದೊಡ್ಡದೋ 74 ದೊಡ್ಡದೋ ಕೇಳಿ. ಮೂರನೇ ತರಗತಿಯ ಮಗುವಿಗೆ ಹೀಗೆ ಕೇಳಿ: "ಅಂಗಡಿಗೆ 50 ರೂಪಾಯಿ ಕೊಟ್ಟೆ. ಸಾಮಾನು 32 ರೂಪಾಯಿ. ಚಿಲ್ಲರೆ ಎಷ್ಟು?"

ಬೇರೆ ಗುರುತುಗಳೂ ಇವೆ. ಬೆಳಗಾದರೆ ಹೊಟ್ಟೆನೋವು ಎನ್ನುವುದು. ಪುಸ್ತಕ ಬಚ್ಚಿಡುವುದು. ಓದು ಎಂದರೆ ಸಿಟ್ಟಾಗುವುದು. ಇದೆಲ್ಲ ಸೋಮಾರಿತನ ಅಂದುಕೊಳ್ಳಬೇಡಿ. ಓದು ಬರದ ನಾಚಿಕೆ ಇರಬಹುದು.

ಯಾಕೆ ಹೀಗಾಗುತ್ತದೆ?

ಕಣ್ಣು ಮಂಜಾದರೆ ಹಲಗೆ ಕಾಣುವುದಿಲ್ಲ. ಕಿವಿ ಸೋರಿದರೆ ಪಾಠ ಸರಿಯಾಗಿ ಕೇಳಿಸುವುದಿಲ್ಲ. ಮೊದಲು ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಗುವಿಗೆ ಶಾಲೆಯ ಕನ್ನಡ ಹೊಸದು. ಅದಕ್ಕೆ ಸ್ವಲ್ಪ ಸಮಯ ಬೇಕು. ಕೆಲವು ಮಕ್ಕಳು ಚುರುಕಾಗಿರುತ್ತಾರೆ, ಎಷ್ಟು ಕಲಿಸಿದರೂ ಅಕ್ಷರ ಮಾತ್ರ ಗೊಂದಲ. ಇದಕ್ಕೆ ಕಲಿಕಾ ತೊಂದರೆ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದನ್ನೂ ಸೇರಿಸಿದ್ದಾರೆ.

ಆ ಹುಡುಗನ ಕಾರಣ ಬೇರೆ. ಒಂದನೇ ತರಗತಿಯಲ್ಲಿದ್ದಾಗ ಮನೆಯವರೆಲ್ಲ ಕಬ್ಬು ಕಡಿಯಲು ಗುಳೆ ಹೋಗಿದ್ದರು. ಮೂರು ತಿಂಗಳು ಅವನು ಶಾಲೆ ನೋಡಲಿಲ್ಲ. ಕಾಗುಣಿತ ಕಲಿಸಿದ್ದು ಆಗಲೇ.

ಏನು ಮಾಡಬೇಕು?

ಹೊಡೆಯಬೇಡಿ. "ದಡ್ಡ" ಅನ್ನಬೇಡಿ. ಶಾಲೆಗೆ ಹೋಗಿ ಟೀಚರನ್ನು ಕೇಳಿ. "ನನ್ನ ಮಗು ಪಾಸಾ?" ಎಂದು ಕೇಳಬೇಡಿ. "ನನ್ನ ಮಗುವಿಗೆ ಏನು ಬರುತ್ತೆ? ಏನು ಬರಲ್ಲ?" ಎಂದು ಕೇಳಿ. ಹಿಂಜರಿಕೆ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದು ಟೀಚರ ಕೆಲಸ ಎಂದೇ ಇದೆ. ಮಗು ಎಷ್ಟು ಕಲಿತಿದೆ ಎಂದು ನೋಡಬೇಕು. ಬೇಕಾದರೆ ಹೆಚ್ಚಿನ ಪಾಠ ಹೇಳಬೇಕು. ತಂದೆತಾಯಿಗೆ ತಿಳಿಸಬೇಕು. ಆಗದಿದ್ದರೆ ಎಸ್.ಡಿ.ಎಂ.ಸಿ. ಸಭೆಯಲ್ಲಿ ಮಾತಾಡಿ.

ಆ ಹುಡುಗನಿಗೆ ನಾನು ದಿನಾ ಅರ್ಧ ಗಂಟೆ ಕಾಗುಣಿತ ಹೇಳಿಕೊಟ್ಟೆ. ರಾತ್ರಿ ತಾಯಿ ಮಗ ಒಟ್ಟಿಗೆ ಓದಿದರು. ತಾಯಿ ತಪ್ಪಿದರೆ ಮಗ ತಿದ್ದುತ್ತಿದ್ದ. ನಾಲ್ಕು ತಿಂಗಳಿಗೆ ಅವನು ಕತೆ ಓದಿದ.

ಮೂರನೇ ತರಗತಿಯಲ್ಲಿ ಗೊತ್ತಾದರೆ ನಾಲ್ಕು ತಿಂಗಳ ಕೆಲಸ. ಏಳನೇ ತರಗತಿಯಲ್ಲಿ ಗೊತ್ತಾದರೆ ಕಷ್ಟ. ಆಗ "ವಿದ್ಯೆ ತಲೆಗೆ ಹತ್ತಲಿಲ್ಲ" ಎಂದು ಗಂಡು ಮಗುವನ್ನು ಕೂಲಿಗೆ ಕಳಿಸುತ್ತಾರೆ, ಹೆಣ್ಣು ಮಗುವಿಗೆ ಗಂಡು ನೋಡುತ್ತಾರೆ.

ಅಕ್ಕ, ಈಗ ನಿಮಗೆ ಓದು ಬರುತ್ತದೆ. ಇಂದು ರಾತ್ರಿ ಮಗುವಿನ ಪುಸ್ತಕ ತೆಗೆಯಿರಿ. ಒಂದು ಪದದ ಮೇಲೆ ಬೆರಳಿಡಿ. ಪ್ರೀತಿಯಿಂದ ಕೇಳಿ: "ಇದೇನು ಹೇಳು ಕಂದ?"

ಓದಿ, ಮಾತಾಡಿ
1. ನೋಡಿ ಬರೆಯುವುದಕ್ಕೂ ಓದುವುದಕ್ಕೂ ಏನು ವ್ಯತ್ಯಾಸ?
2. ನಿಮ್ಮ ಊರಿನ ಮಕ್ಕಳು ಯಾವ ತಿಂಗಳಲ್ಲಿ ಹೆಚ್ಚು ಶಾಲೆ ಬಿಡುತ್ತಾರೆ? ಯಾಕೆ?
3. ಶಾಲೆಗೆ ಹೋದಾಗ ಟೀಚರನ್ನು ಏನು ಕೇಳುತ್ತೀರಿ? ಒಂದು ಸಾಲು ಬರೆಯಿರಿ.