ಚೀಲದ ತೂಕ ಕಳೆದ ಮೇಲೆ

2012ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಕಪ್ಪುಕುಳಿಯ ತೂಕ ಪ್ರಕಟವಾಯಿತು: 1700 ಕೋಟಿ ಸೂರ್ಯರಷ್ಟು. ತೂಗಿದವರು ರೆಮ್ಕೊ ವಾನ್ ಡೆನ್ ಬಾಶ್ ಮತ್ತು ಸಂಗಡಿಗರು. ಕುಳಿ ಇರುವುದು ಪರ್ಸಿಯಸ್ ಗುಚ್ಛದ ಎನ್‌ಜಿಸಿ 1277 ಎಂಬ ಗಿಡ್ಡ ಗ್ಯಾಲಕ್ಸಿಯ ನಡುವಿನಲ್ಲಿ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅದೇ ಕುಳಿಗೆ 490 ಕೋಟಿ ಎಂಬ ಲೆಕ್ಕವೂ 120 ಕೋಟಿ ಎಂಬ ಲೆಕ್ಕವೂ ಬಂದವು. ಹೊರಗಿನವರಿಗೆ ಇದು ಖಗೋಳಜ್ಞರ ಗೊಂದಲದಂತೆ ಕಾಣಬಹುದು. ಆದರೆ ಆ ಮೂರು ಅಂಕಿಗಳ ನಡುವಿನ ದಾರಿಯನ್ನು ಸಮಾಧಾನದಿಂದ ನಡೆದು ನೋಡಿದರೆ, ಈ ಕಸುಬು ಎಷ್ಟು ಸೂಕ್ಷ್ಮವಾದದ್ದು ಎಂಬುದು ತಿಳಿಯುತ್ತದೆ.

ಮೊದಲು ಗ್ಯಾಲಕ್ಸಿಯ ವಿಷಯ. ಎನ್‌ಜಿಸಿ 1277 ನಮ್ಮಿಂದ ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ನಮ್ಮ ಕ್ಷೀರಪಥದಲ್ಲಿರುವುದಕ್ಕಿಂತ ಹೆಚ್ಚು ನಕ್ಷತ್ರ ಸಾಮಗ್ರಿ ಅದರಲ್ಲಿದ್ದರೂ, ಅದರ ಅರ್ಧ ಬೆಳಕು ಕೇಂದ್ರದಿಂದ ಸುಮಾರು 4000 ಜ್ಯೋತಿರ್ವರ್ಷಗಳ ಒಳಗೇ ಮುಗಿದುಹೋಗುತ್ತದೆ. ನಕ್ಷತ್ರಗಳೆಲ್ಲ ಮುದಿ, ಹೊಸ ಹುಟ್ಟು ನಿಂತು ಸಾವಿರ ಕೋಟಿ ವರ್ಷವಾಗಿರಬಹುದು. ವಿಶ್ವ ಎಳೆಯದಿದ್ದಾಗ ಇಂಥ ಒತ್ತಾದ ಗ್ಯಾಲಕ್ಸಿಗಳು ಬಹಳ ಇದ್ದವು. ಹೆಚ್ಚಿನವು ಅಕ್ಕಪಕ್ಕದವನ್ನು ನುಂಗಿ ಊದಿಕೊಂಡವು, ಬೆರಳೆಣಿಕೆಯಷ್ಟು ಮಾತ್ರ ಹಾಗೆಯೇ ಉಳಿದವು. ಅಂಥದ್ದರ ಕಪ್ಪುಕುಳಿಯನ್ನು ತೂಗಿದರೆ ಒಂದು ಹಳೆಯ ಪ್ರಶ್ನೆಗೆ ಸುಳಿವು ಸಿಗುತ್ತದೆ: ಮೊದಲು ಬೆಳೆದದ್ದು ಕುಳಿಯೋ, ಅದನ್ನು ಸುತ್ತುವರಿದ ಗ್ಯಾಲಕ್ಸಿಯೋ? ಸಾಮಾನ್ಯವಾಗಿ ಕುಳಿಯ ತೂಕ ಗ್ಯಾಲಕ್ಸಿಯ ನಡುವಿನ ಉಬ್ಬಿನ ತೂಕದಲ್ಲಿ ಶೇ. 1ನ್ನೂ ಮುಟ್ಟುವುದಿಲ್ಲ. 2012ರ ಲೆಕ್ಕದಲ್ಲಿ ಎನ್‌ಜಿಸಿ 1277ರ ಕುಳಿ ಉಬ್ಬಿನ ಶೇ. 59ರಷ್ಟಿತ್ತು. ಕುತೂಹಲ ಕೆರಳಿದ್ದರಲ್ಲಿ ಆಶ್ಚರ್ಯವಿಲ್ಲ.

ಕುಳಿ ಕಾಣುವುದಿಲ್ಲ. ಕಾಣುವುದು ಅದರ ಸೆಳೆತಕ್ಕೆ ಸಿಕ್ಕವರ ಓಟ. ನಮ್ಮ ಕ್ಷೀರಪಥದ ಕೇಂದ್ರದಲ್ಲಿ ಎಸ್2 ಎಂಬ ನಕ್ಷತ್ರ ಸುಮಾರು 16 ವರ್ಷಕ್ಕೊಮ್ಮೆ ಸುತ್ತು ಹಾಕುತ್ತದೆ. ಒಂದೊಂದೇ ನಕ್ಷತ್ರವನ್ನು ಹೀಗೆ ವರ್ಷಗಟ್ಟಲೆ ಹಿಂಬಾಲಿಸಿ, ನಡುವೆ ಸುಮಾರು 40 ಲಕ್ಷ ಸೂರ್ಯರಷ್ಟು ತೂಕ ಅಡಗಿದೆ ಎಂದು ತೋರಿಸಿದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ 2020ರಲ್ಲಿ ನೊಬೆಲ್ ಪಡೆದರು. 24 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಕೋಟ್ಯಂತರ ನಕ್ಷತ್ರಗಳ ಬೆಳಕು ಒಂದೇ ಚುಕ್ಕೆಯಲ್ಲಿ ಕಲಸಿಹೋಗಿರುತ್ತದೆ. ಆ ಕಲಸಿದ ಬೆಳಕನ್ನೇ ಓದಬೇಕು.

ಓದುವುದು ರೋಹಿತದ ಮೂಲಕ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಅಲ್ಲಲ್ಲಿ ಕಪ್ಪು ಗೆರೆಗಳು ಸಿಗುತ್ತವೆ. ತಂಪಾದ ದೈತ್ಯ ನಕ್ಷತ್ರಗಳಲ್ಲಿರುವ ಕಾರ್ಬನ್ ಮಾನಾಕ್ಸೈಡ್ 2.3 ಮೈಕ್ರಾನ್ ಆಸುಪಾಸಿನಲ್ಲಿ, ಅಂದರೆ ಅವಗೆಂಪಿನಲ್ಲಿ, ಅಚ್ಚುಕಟ್ಟಾದ ಗುರುತು ಬಿಡುತ್ತದೆ. ಅವಗೆಂಪು ಬೆಳಕು ದೂಳನ್ನು ದಾಟಿ ಬರುವುದರಿಂದ ಕೇಂದ್ರವನ್ನು ಇಣುಕಲು ಅದೇ ಅನುಕೂಲ. ನಮ್ಮತ್ತ ಬರುತ್ತಿರುವ ನಕ್ಷತ್ರದ ಗೆರೆ ನೀಲಿಯ ಕಡೆಗೆ ಸರಿಯುತ್ತದೆ, ದೂರ ಹೋಗುತ್ತಿರುವುದರದು ಕೆಂಪಿನ ಕಡೆಗೆ. ಎಲ್ಲವೂ ಕಲಸಿದಾಗ ಗೆರೆ ಅಗಲವಾಗುತ್ತದೆ. ಎಷ್ಟು ಅಗಲವೋ ನಕ್ಷತ್ರಗಳ ವೇಗಗಳು ಅಷ್ಟು ಚೆದುರಿವೆ ಎಂದರ್ಥ. ಇದನ್ನು ಅಳೆಯಲು ಒಂಟಿ ನಕ್ಷತ್ರಗಳ ರೋಹಿತಗಳನ್ನು ಮಾದರಿಯಾಗಿ ಇಟ್ಟುಕೊಂಡು, ಗ್ಯಾಲಕ್ಸಿಯ ಗೆರೆಗೆ ಸರಿಹೊಂದುವ ತನಕ ಅವನ್ನು ಹಿಗ್ಗಿಸುತ್ತಾರೆ. ಅಗಲವೊಂದೇ ಸಾಲದು. ಗೆರೆ ಒಂದು ಬದಿಗೆ ವಾಲಿದೆಯೇ, ಅದರ ಅಂಚು ನೀಳವಾಗಿ ಚಾಚಿದೆಯೇ ಎಂಬುದನ್ನೂ ದಾಖಲಿಸುತ್ತಾರೆ. ನೀಳವಾದ ಅಂಚು ಅತಿವೇಗದ ಕೆಲವು ನಕ್ಷತ್ರಗಳ ಸಾಕ್ಷಿ.

ಈ ಓದು ನಡೆಯಬೇಕಾದ ಜಾಗ ಬಹಳ ಚಿಕ್ಕದು. 490 ಕೋಟಿ ಸೂರ್ಯರ ಕುಳಿಯ ಗಡಿ, ಒಳಹೋದ ಬೆಳಕು ಹಿಂದಿರುಗದ ಗೆರೆ, ಕೇಂದ್ರದಿಂದ ಸುಮಾರು 1500 ಕೋಟಿ ಕಿಲೋಮೀಟರು. ನೆಪ್ಚೂನಿನ ಕಕ್ಷೆಯ ಮೂರು ಪಟ್ಟು. ಅದನ್ನು ಇಲ್ಲಿಂದ ನೋಡುವ ಮಾತೇ ಇಲ್ಲ. ಆದರೆ ನಕ್ಷತ್ರಗಳ ಮೇಲೆ ಕುಳಿಯ ಅಧಿಕಾರ ನಡೆಯುವ ಸೀಮೆ ಸುಮಾರು 600 ಜ್ಯೋತಿರ್ವರ್ಷಗಳವರೆಗೆ ಇರುತ್ತದೆ. ಆಕಾಶದಲ್ಲಿ ಅದು ಅರ್ಧ ಆರ್ಕ್‌ಸೆಕೆಂಡಿನಷ್ಟು. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 1800 ಆರ್ಕ್‌ಸೆಕೆಂಡು ಎಂದರೆ ಅಂದಾಜು ಸಿಕ್ಕೀತು. 2012ರ ಅಳತೆಗೆ ಬಳಸಿದ ಟೆಕ್ಸಸ್‌ನ ಹಾಬಿ-ಎಬರ್ಲಿ ದೂರದರ್ಶಕದಲ್ಲಿ ಗಾಳಿಯ ಅಲುಗಾಟದಿಂದ ಆಗುವ ಮಸುಕೇ ಒಂದು ಆರ್ಕ್‌ಸೆಕೆಂಡನ್ನು ಮೀರಿತ್ತು.

ಆ ಮಸುಕನ್ನು ಕಳೆಯಲು ಹವಾಯಿಯ ಮೌನಾಕೀ ಪರ್ವತದ ಮೇಲಿರುವ 8.1 ಮೀಟರಿನ ಜೆಮಿನಿ ಉತ್ತರ ದೂರದರ್ಶಕ ಬೇಕಾಯಿತು. ಅಲ್ಲಿ ಲೇಸರ್ ಕಿರಣವೊಂದು ಸುಮಾರು 90 ಕಿಲೋಮೀಟರು ಮೇಲಿರುವ ಸೋಡಿಯಂ ಪದರವನ್ನು ಬೆಳಗಿಸಿ ಕೃತಕ ನಕ್ಷತ್ರವೊಂದನ್ನು ಮೂಡಿಸುತ್ತದೆ. ಅದು ಹೇಗೆ ಕಂಪಿಸುತ್ತದೆ ಎಂದು ನೋಡುತ್ತಾ ಸೆಕೆಂಡಿಗೆ ನೂರಾರು ಸಲ ಕನ್ನಡಿಯ ಮೈಯನ್ನು ಬಗ್ಗಿಸಿ ಗಾಳಿಯ ಕಾಟವನ್ನು ಸರಿದೂಗಿಸುತ್ತಾರೆ. ಆ ಬೆಳಕು ನಿಫ್ಸ್ ಎಂಬ ಉಪಕರಣಕ್ಕೆ ಹೋಗುತ್ತದೆ. ಅದು ಮೂರು ಆರ್ಕ್‌ಸೆಕೆಂಡು ಚದರದ ನೋಟವನ್ನು 29 ಪಟ್ಟಿಗಳಾಗಿ ಕೊಯ್ದು, ಪ್ರತಿ ಬಿಂದುವಿಗೂ ಒಂದೊಂದು ರೋಹಿತ ಕೊಡುತ್ತದೆ. ಆಸ್ಟ್ರೇಲಿಯಾದ ಮೌಂಟ್ ಸ್ಟ್ರೋಮ್ಲೊದಲ್ಲಿ ಕಟ್ಟಿದ ಮೊದಲ ನಿಫ್ಸ್ 2003ರ ಜನವರಿಯ ಕಾಳ್ಗಿಚ್ಚಿನಲ್ಲಿ ಸುಟ್ಟುಹೋಗಿತ್ತು. ಬಳಕೆಗೆ ಬಂದದ್ದು ಮತ್ತೆ ಮೊದಲಿನಿಂದ ಕಟ್ಟಿದ್ದು.

ಇಷ್ಟಾದರೂ ಮಸುಕು ಪೂರ್ತಿ ಹೋಗುವುದಿಲ್ಲ. ಇಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಒಂದು ಸಂಯಮವಿದೆ. ಸಿಕ್ಕ ಚಿತ್ರವನ್ನು ತಿದ್ದಿ ಚೊಕ್ಕ ಮಾಡುವ ಆಸೆಗೆ ಇವರು ಬೀಳುವುದಿಲ್ಲ. ಉಪಕರಣ ಎಷ್ಟು ಮಸುಕು ಮಾಡುತ್ತದೆ ಎಂದು ಅಳೆದು, ತಮ್ಮ ಲೆಕ್ಕದ ಗ್ಯಾಲಕ್ಸಿಯನ್ನೇ ಅಷ್ಟು ಮಸುಕು ಮಾಡಿ, ಆಮೇಲೆ ಎರಡನ್ನೂ ಹೋಲಿಸುತ್ತಾರೆ. ಬೆಳಕು ಸಾಲದ ಹೊರವಲಯದಲ್ಲಿ ಅಕ್ಕಪಕ್ಕದ ಬಿಂದುಗಳನ್ನು ಸಾಕಷ್ಟು ಸೇರಿಸಿಕೊಂಡ ಮೇಲೆಯೇ ವೇಗದ ಮಾತಾಡುತ್ತಾರೆ.

ಆ ‘ಲೆಕ್ಕದ ಗ್ಯಾಲಕ್ಸಿ’ಯನ್ನು ಕಟ್ಟುವ ವಿಧಾನ 1979ರಲ್ಲಿ ಮಾರ್ಟಿನ್ ಶ್ವಾರ್ಟ್ಸ್‌ಶೀಲ್ಡ್ ಕೊಟ್ಟದ್ದು. 1916ರಲ್ಲಿ ಐನ್‌ಸ್ಟೈನ್ ಸಮೀಕರಣಗಳಿಗೆ ಉತ್ತರ ಪ್ರಕಟಿಸಿ, ಮುಂದೆ ಕುಳಿಯ ಗಡಿಗೆ ತನ್ನ ಹೆಸರೇ ಬರುವಂತೆ ಮಾಡಿದ ಕಾರ್ಲ್ ಶ್ವಾರ್ಟ್ಸ್‌ಶೀಲ್ಡ್ ಇವರ ತಂದೆ. ಅಪ್ಪನ ಗಣಿತದಲ್ಲಿ ಹುಟ್ಟಿದ ವಸ್ತುವನ್ನು ತೂಗಲು ಮಗನ ಗಣಿತ ಒದಗಿತು. ವಿಧಾನ ಹೀಗಿದೆ: ಹಬಲ್ ಚಿತ್ರದಿಂದ ನಕ್ಷತ್ರಗಳ ಹಂಚಿಕೆ ತೆಗೆದುಕೊಳ್ಳಿ, ಕುಳಿಗೆ ಇಷ್ಟು ತೂಕ ಎಂದು ಊಹಿಸಿ. ಆ ಸೆಳೆತದಲ್ಲಿ ನಕ್ಷತ್ರವೊಂದು ಹಿಡಿಯಬಹುದಾದ ಸಾವಿರಾರು ಕಕ್ಷೆಗಳನ್ನು ಕಂಪ್ಯೂಟರಿನಲ್ಲಿ ಓಡಿಸಿ. ಯಾವ ಕಕ್ಷೆಗೆ ಎಷ್ಟು ನಕ್ಷತ್ರ ಹಾಕಿದರೆ ಕಂಡ ಬೆಳಕೂ ಕಂಡ ವೇಗವೂ ಒಟ್ಟಿಗೆ ಹೊಂದುತ್ತವೆ ಎಂದು ಹುಡುಕಿ. ಹೊಂದದಿದ್ದರೆ ತೂಕ ಬದಲಿಸಿ ಮತ್ತೆ ಮೊದಲಿನಿಂದ. ಇಷ್ಟು ಪಾಡು ಏಕೆಂದರೆ, ಕೇಂದ್ರದಲ್ಲಿ ನಕ್ಷತ್ರಗಳು ನಮ್ಮ ಕಣ್ಣಿನ ನೇರಕ್ಕೆ ಹಿಂದೆ ಮುಂದೆ ನುಗ್ಗುತ್ತಿದ್ದರೂ ಗೆರೆ ಅಗಲವಾಗಿಯೇ ಕಾಣುತ್ತದೆ. ಭಾರೀ ಕುಳಿಯ ವೇಷವನ್ನು ಬರೀ ಕಕ್ಷೆಯ ಆಕಾರವೂ ಹಾಕಬಲ್ಲದು. ಎಲ್ಲ ಕಕ್ಷೆಗಳಿಗೂ ಅವಕಾಶ ಕೊಟ್ಟ ಮೇಲೆಯೇ ಆ ಸಂಶಯ ತೀರುವುದು.

ಇಷ್ಟೆಲ್ಲ ಮಾಡಿ ಸಿಗುವುದು ಒಟ್ಟು ತೂಕ. ಮಂಡಿಯಲ್ಲಿ ಮೂಟೆಯನ್ನು ತೂಗಿ ಚೀಲದ ತೂಕ ಕಳೆಯುವ ಹಾಗೆ, ಇದರಿಂದ ನಕ್ಷತ್ರಗಳ ತೂಕವನ್ನು ಕಳೆದರೆ ಉಳಿದದ್ದು ಕುಳಿ. ತೊಡಕಿರುವುದು ಈ ಕಳೆಯುವ ಲೆಕ್ಕದಲ್ಲಿಯೇ. ನಕ್ಷತ್ರಗಳ ಬೆಳಕು ಗೊತ್ತು, ಆದರೆ ಆ ಬೆಳಕಿಗೆ ಎಷ್ಟು ತೂಕ? ಒಬ್ಬ ಸೂರ್ಯನಷ್ಟು ಬೆಳಕಿಗೆ ಆರು ಚಿಲ್ಲರೆ ಸೂರ್ಯರ ತೂಕ ಎಂದು ಬಂದ 2012ರ ಲೆಕ್ಕದಲ್ಲಿ ಕುಳಿಗೆ ಉಳಿದದ್ದು 1700 ಕೋಟಿ. ಮರುವರ್ಷ ಎರಿಕ್ ಎಮ್ಸೆಲೆಮ್ ಅದನ್ನು ಹತ್ತಕ್ಕೆ ಏರಿಸಿದರೆ 500 ಕೋಟಿಯ ಕುಳಿಯೂ ಹೊಂದುತ್ತದೆ ಎಂದು ತೋರಿಸಿದರು. 2016ರಲ್ಲಿ ಜೊನೆಲ್ ವಾಲ್ಶ್ ತಂಡಕ್ಕೆ ನಿಫ್ಸ್‌ನ ಚೂಪಾದ ಅಳತೆಗಳಿಂದ ಬೆಳಕಿಗೆ ಒಂಬತ್ತು ಚಿಲ್ಲರೆ, ಕುಳಿಗೆ 490 ಕೋಟಿ ಎಂಬ ಉತ್ತರ ಬಂತು. ಅದೇ ವರ್ಷ ಅಲಿಸ್ಟರ್ ಗ್ರಹಾಮ್ ಮತ್ತು ಸಂಗಡಿಗರು ಕೆಕ್ ದೂರದರ್ಶಕದ ದತ್ತಾಂಶದಿಂದ ಬೆಳಕಿಗೆ ಹನ್ನೆರಡು ಚಿಲ್ಲರೆ, ಕುಳಿಗೆ 120 ಕೋಟಿ ಎಂದರು. ನಕ್ಷತ್ರಗಳ ಪಾಲು ಏರಿದಂತೆಲ್ಲ ಕುಳಿಯ ಪಾಲು ಇಳಿದದ್ದನ್ನು ಗಮನಿಸಿ. ಈ ಗ್ಯಾಲಕ್ಸಿಯ ರೋಹಿತದಲ್ಲಿ ಕೆಂಪು ಕುಬ್ಜ ನಕ್ಷತ್ರಗಳು ವಾಡಿಕೆಗಿಂತ ಹೆಚ್ಚಿರುವ ಗುರುತು ಬೇರೆ ಅಧ್ಯಯನಗಳಲ್ಲಿ ಸಿಕ್ಕಿದೆ. ಅವು ಬೆಳಗುವುದು ಅತ್ಯಲ್ಪ, ತೂಗುವುದು ಮಾತ್ರ ಯಥೇಚ್ಛ. ಇನ್ನೊಂದು ಮಾತು: ವಾಲ್ಶ್ ಪ್ರಬಂಧದ ಲೇಖಕರಲ್ಲಿ ವಾನ್ ಡೆನ್ ಬಾಶ್ ಕೂಡ ಒಬ್ಬರು. ತಾವು ಕೊಟ್ಟ ಅಂಕಿಯನ್ನು ಮೂರರಲ್ಲಿ ಒಂದು ಪಾಲಿಗೂ ಕಡಿಮೆಗೆ ಇಳಿಸಿದ ಕೆಲಸಕ್ಕೆ ಅವರೂ ಹೆಗಲು ಕೊಟ್ಟರು.

ಕುಬ್ಜ ನಕ್ಷತ್ರಗಳ ತೂಕವನ್ನೂ ಕುಳಿಯ ತೂಕವನ್ನೂ ಬೇರ್ಪಡಿಸುವ ದಾರಿ ಸ್ಪಷ್ಟವಾಗಿ ಕಾಣುವುದು ಇನ್ನೂ ಚಿಕ್ಕ ಗ್ಯಾಲಕ್ಸಿಯೊಂದರಲ್ಲಿ. 5.4 ಕೋಟಿ ಜ್ಯೋತಿರ್ವರ್ಷ ದೂರದ ಎಂ60-ಯುಸಿಡಿ1 ಅಡ್ಡಗಲ 300 ಜ್ಯೋತಿರ್ವರ್ಷದಷ್ಟಿದೆ; ಆಕಾಶದಲ್ಲಿ ಇಡೀ ಗ್ಯಾಲಕ್ಸಿ ಒಂದು ಆರ್ಕ್‌ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಇಂಥ ಅತಿ ಪುಟ್ಟ ಗ್ಯಾಲಕ್ಸಿಗಳು ತಮ್ಮ ಬೆಳಕಿಗೆ ಮೀರಿ ತೂಗುತ್ತಿದ್ದವು. ಕಾರಣ ಕುಬ್ಜ ನಕ್ಷತ್ರಗಳೋ ಕಪ್ಪುಕುಳಿಯೋ ಎಂಬುದೇ ಚರ್ಚೆ. ಯೂಟಾ ವಿಶ್ವವಿದ್ಯಾಲಯದ ಅನಿಲ್ ಸೇಠ್ ಮತ್ತು ಸಂಗಡಿಗರು ನಿಫ್ಸ್‌ನಿಂದಲೇ ಅದನ್ನು ನೋಡಿದರು. ಕುಬ್ಜಗಳಾದರೆ ಗ್ಯಾಲಕ್ಸಿಯ ಉದ್ದಗಲಕ್ಕೂ ಹರಡಿರಬೇಕು, ಕುಳಿಯಾದರೆ ನಟ್ಟನಡುವೆ ಮಾತ್ರ ವೇಗ ಏರಬೇಕು. ವೇಗಗಳ ಚೆದುರಾಟ ನಡುವೆ ಸೆಕೆಂಡಿಗೆ 100 ಕಿಲೋಮೀಟರನ್ನು ದಾಟಿತ್ತು, ಹೊರಕ್ಕೆ ಹೋದಂತೆ ಇಳಿದಿತ್ತು. 2014ರಲ್ಲಿ ಬಂದ ಉತ್ತರ: 14 ಕೋಟಿ ಸೂರ್ಯರ ಗ್ಯಾಲಕ್ಸಿಯಲ್ಲಿ 2.1 ಕೋಟಿ ಸೂರ್ಯರ ಕುಳಿ, ಅಂದರೆ ಶೇ. 15. ಒಂದು ಕಾಲದ ದೊಡ್ಡ ಗ್ಯಾಲಕ್ಸಿ ಪಕ್ಕದ ಎಂ60 ಗ್ಯಾಲಕ್ಸಿಯ ಸೆಳೆತಕ್ಕೆ ಸಿಕ್ಕಿ ಮೈಯೆಲ್ಲ ಕಳೆದುಕೊಂಡು, ನಡುಭಾಗ ಮಾತ್ರ ಉಳಿದಿದೆ ಎಂಬುದು ಅವರ ವಿವರಣೆ.

ಈ ಕಸುಬನ್ನು ನಂಬಬಹುದೇ ಎಂಬ ಪ್ರಶ್ನೆಗೆ ಎಂ87 ಎಂಬ ಗ್ಯಾಲಕ್ಸಿ ಒಂದು ಪರೀಕ್ಷೆಯಾಯಿತು. ಅದರ ಕುಳಿಯನ್ನು ನಕ್ಷತ್ರಗಳ ಓಟದಿಂದ ತೂಗಿದ ಕಾರ್ಲ್ ಗೆಬಾರ್ಟ್ ಮತ್ತು ಸಂಗಡಿಗರಿಗೆ 2011ರಲ್ಲಿ 660 ಕೋಟಿ ಬಂದಿತ್ತು. 2013ರಲ್ಲಿ ಇದೇ ವಾಲ್ಶ್ ತಂಡ ಅನಿಲದ ಓಟದಿಂದ ತೂಗಿದಾಗ 350 ಕೋಟಿ. 2019ರಲ್ಲಿ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ಕುಳಿಯ ನೆರಳಿನ ಅಗಲವನ್ನೇ ಅಳೆದು 650 ಕೋಟಿ ಎಂದಿತು. ನಕ್ಷತ್ರಗಳ ಲೆಕ್ಕ ಗೆದ್ದಿತು.

ಎನ್‌ಜಿಸಿ 1277ರ ಲೆಕ್ಕ ಇನ್ನೂ ಮುಗಿದಿಲ್ಲ. 2023ರಲ್ಲಿ ಸೆಬಾಸ್ತಿಯನ್ ಕೊಮೆರೊನ್ ಮತ್ತು ಸಂಗಡಿಗರು, ಕೇಂದ್ರದಿಂದ ಸುಮಾರು 20 ಸಾವಿರ ಜ್ಯೋತಿರ್ವರ್ಷಗಳ ಒಳಗೆ ಅಲ್ಲಿ ಕಪ್ಪುದ್ರವ್ಯ ಹೆಚ್ಚೆಂದರೆ ಶೇ. 5 ಇರಬಹುದು, ಇಲ್ಲವೇ ಇಲ್ಲದೆಯೂ ಇರಬಹುದು ಎಂದರು. ಅದೂ ಒಟ್ಟು ತೂಕವನ್ನು ನಕ್ಷತ್ರ, ಕುಳಿ, ಕಪ್ಪುದ್ರವ್ಯಗಳಿಗೆ ಪಾಲು ಹಾಕಿ ಬಂದ ಉತ್ತರವೇ. 490 ಕೋಟಿಗೆ ಇಳಿದ ಮೇಲೂ ಆ ಕುಳಿ ತನ್ನ ಗ್ಯಾಲಕ್ಸಿಯ ಉಬ್ಬಿಗೆ ಅತಿಯಾಗಿ ದೊಡ್ಡದೇ. ಆದರೆ ನಕ್ಷತ್ರಗಳ ವೇಗದ ಚೆದುರಾಟಕ್ಕೆ ಹೋಲಿಸಿದರೆ ಅದು ಉಳಿದ ಕುಳಿಗಳ ಸಾಲಿನಲ್ಲಿಯೇ ಕೂರುತ್ತದೆ. ವಾಲ್ಶ್ ತಂಡ ಆ ಅಂಕಿಯ ಪಕ್ಕದಲ್ಲಿ ‘160 ಕೋಟಿ ಹೆಚ್ಚು ಕಡಿಮೆ’ ಎಂದು ಬರೆದಿದೆ. ಉಪಕರಣದ ಮಸುಕು, ಕಕ್ಷೆಗಳ ಆಕಾರ, ಕುಬ್ಜ ನಕ್ಷತ್ರಗಳ ಸಂಖ್ಯೆ, ಇವುಗಳಲ್ಲಿ ಎಷ್ಟು ತಿಳಿದಿದೆ, ಎಷ್ಟು ಸಡಿಲವಿದೆ ಎಂಬುದನ್ನು ತೂಗುವವರು ಹೇಳಿಕೊಳ್ಳುವುದು ಆ ಎರಡನೆಯ ಅಂಕಿಯಲ್ಲಿ. ಮುಂದಿನ ಸಲ ಇಷ್ಟು ಕೋಟಿ ಸೂರ್ಯರ ಕಪ್ಪುಕುಳಿ ಪತ್ತೆ ಎಂಬ ಸುದ್ದಿ ಕಂಡಾಗ ಮೊದಲು ಕೇಳಬೇಕಾದದ್ದು ಒಂದೇ: ನಕ್ಷತ್ರಗಳಿಗೆ ಎಷ್ಟು ತೂಕ ಹಾಕಿದ್ದಾರೆ?